ಕೆಂಪು ಗೀಟಿನ ಮನೆಗಳು

ಹೋದ ವಾರ ಮಗಳ ಜೊತೆ ಗರಾಜ್ ಕ್ಲೀನ್ ಮಾಡುತ್ತಿದ್ದಾಗ ಒಂದು ಉದ್ದನೆಯ ತಗಡಿನ ಕೊಳವೆ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ನುಸಿಗುಳಿಗೆಯ ವಾಸನೆ ಬಂತು, ಅದರ ಹಿಂದೆಯೇ ಪಕ್ಕದ ಮನೆಯ ಮುದುಕರ ನೆನಪೂ ಬಂತು. ಒಳಗಿದ್ದದ್ದು ಬಟ್ಟೆಗೆ ಅಂಟಿಸಿದ ಹಳೆಯ ನಕ್ಷೆ. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಅವರ ಮನೆತನಕ್ಕಿದ್ದ ಜಮೀನಿನದು.

ನಾವು ಅಮೆರಿಕದ ಮೆಟುಚೆನ್ನಿಗೆ ಹೊಸದಾಗಿ ಬಂದಾಗ ಈ ಬೀದಿಯಲ್ಲಿ ನಮ್ಮನ್ನು ಒಳಗೆ ಕರೆದು ಕೂರಿಸಿದವರು ಅವರೊಬ್ಬರೇ. ಚಹಾ ಮುಗಿಯುವ ಮೊದಲೇ ನಕ್ಷೆ ಮೇಜಿನ ಮೇಲೆ ಹರಡಿರುತ್ತಿತ್ತು. ಹೊಳೆಯ ಎರಡೂ ದಂಡೆಯ ಹಳ್ಳಿಗಳು ಅವರ ಮುತ್ತಜ್ಜನವಂತೆ. ಆಮೇಲೆ ಕಾನೂನು ಬಂತು, ಗೇಣಿದಾರರೇ ಒಡೆಯರಾದರು, ಇವರ ಅಜ್ಜ ಹಡಗು ಹತ್ತಿದರು. ನಕ್ಷೆಯ ಮೂಲೆಯಲ್ಲಿ ಪುಟ್ಟ ಪುಟ್ಟ ಚೌಕಗಳಿದ್ದವು, ಕೆಲವಕ್ಕೆ ಕೆಂಪು ಶಾಯಿಯ ಗೀಟು. ಏನೆಂದು ಕೇಳಿದೆ. ಗೇಣಿ ಕೊಡದವರ ಮನೆಗಳು, ಸೂರು ಕೀಳಿಸಿ ಹೊರಗೆ ಹಾಕಿದ್ದು ಎಂದರು... ಬಿಸ್ಕತ್ತಿನ ತಟ್ಟೆಯನ್ನು ನನ್ನತ್ತ ಸರಿಸುತ್ತಲೇ. ನಾನೂ ಒಂದು ತೆಗೆದುಕೊಂಡೆ.

ನಿಮ್ಮದೂ ಜಮೀನ್ದಾರರ ಮನೆತನವೇ ಇರಬೇಕು, ನಡವಳಿಕೆಯಲ್ಲೇ ಗೊತ್ತಾಗುತ್ತದೆ ಎಂದು ಒಮ್ಮೆ ಅವರು ಹೇಳಿದಾಗ ಉಬ್ಬಿಹೋಗಿ ಹೌದೆಂದುಬಿಟ್ಟೆ. ನಮ್ಮಜ್ಜ ಧಾರವಾಡದ ಕಡೆ ದೇಸಾಯರ ಹೊಲವನ್ನು ಗೇಣಿಗೆ ಮಾಡುತ್ತಿದ್ದವನು. ಸುಗ್ಗಿಯಲ್ಲಿ ಜೋಳದ ಚೀಲ ಹೊತ್ತೊಯ್ದು, ವಾಡೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅವರ ಊಟ ಮುಗಿಯುವ ತನಕ ಬಿಸಿಲಲ್ಲಿ ನಿಲ್ಲುತ್ತಿದ್ದವನು.

ಒಂದು ಬೇಸಿಗೆಯಲ್ಲಿ ಅಪ್ಪ ಬಂದರು. ಮುದುಕರು ಅವರನ್ನೂ ಚಹಾಕ್ಕೆ ಕರೆದರು. ಅಪ್ಪನಿಗೆ ಇಂಗ್ಲಿಷ್ ಮಾತಾಡಲು ಸಂಕೋಚ, ಹಾಗಾಗಿ ನಡುವೆ ನಾನು. ನಕ್ಷೆಯ ಕಥೆ ಕೇಳುತ್ತಿದ್ದಂತೆ ಅಪ್ಪ ಮುಂದಕ್ಕೆ ಸರಿದು ಕೂತರು.

"ನಮ್ಮಪ್ಪ ದೇಸಾಯರ ಹೊಲಾ ಮಾಡ್ತಿದ್ದ ಅಂತ ಹೇಳು. ಉಳಾವನ ಒಡೆಯ ಅಂತ ಕಾನೂನು ಬಂದಾಗ ಏಳನೇ ನಂಬರ್ ಫಾರಂ ತುಂಬಿ ಕೊಟ್ಟ, ಹೊಲ ನಮ್ಮ ಹೆಸರಿಗೆ ಆತು. ಅವತ್ತಿಂದ ಯಾರ ಬಾಗಲದಾಗೂ ಅವಾ ಬಿಸಲಾಗ ನಿಲ್ಲಲಿಲ್ಲ ಅಂತನೂ ಹೇಳು."

ನಮ್ಮ ಹೊಲವೂ ಇಂಥದೇ ಕಾನೂನಿನಿಂದ ಕೈಬಿಟ್ಟು ಹೋಯಿತು ಎಂದು ಹೇಳಿದೆ. ಮುದುಕರ ಕಣ್ಣು ತುಂಬಿತು. ಎದ್ದು ಬಂದು ಅಪ್ಪನ ಕೈ ಹಿಡಿದು, ನಾವಿಬ್ಬರೂ ಕಳೆದುಕೊಂಡವರು ಎಂದರು. ಅಪ್ಪ ತಲೆ ತಗ್ಗಿಸಿ ಕೂತಿದ್ದರು.

ಅವರ ಮನೆಗೂ ನಮ್ಮ ಮನೆಗೂ ಇಪ್ಪತ್ತು ಹೆಜ್ಜೆ. ವಾಪಸು ಬರುವಾಗ ಅಪ್ಪ ನಡುದಾರಿಯಲ್ಲಿ ನಿಂತರು.

"ನನಗ ಮಾತಾಡಾಕ ಬರಲಿಕ್ಕರ ಏನಾತು, ತಿಳೀತೈತಿ. ನಮ್ಮಪ್ಪ ಗಳಿಸಿದ ಹೊಲಾನ ನೀ ಇವತ್ತ ತಿರುಗಿ ದೇಸಾಯರಿಗೆ ಕೊಟ್ಟಿ."

ಊರಿಗೆ ಹೊರಡುವ ತನಕ ಆ ಮಾತನ್ನು ಅವರು ಮತ್ತೆ ತೆಗೆಯಲಿಲ್ಲ. ಇಲ್ಲಿಗೆ ಮತ್ತೆ ಬರಲೂ ಇಲ್ಲ.

ಈಗ ಇಬ್ಬರೂ ಇಲ್ಲ. ಈ ನಕ್ಷೆಯ ಬೆಲೆ ತಿಳಿದವನು ಪಕ್ಕದ ಮನೆಯವನೊಬ್ಬನೇ ಎಂದು ಮುದುಕರು ಬರೆದಿಟ್ಟಿದ್ದರಂತೆ, ಅವರು ತೀರಿಕೊಂಡ ಮೇಲೆ ಅವರ ಮಗಳು ತಂದುಕೊಟ್ಟಳು. ಬಿಸ್ಕತ್ತು ಸರಿಸುತ್ತಲೇ ಆ ಮನೆಗಳ ಸುದ್ದಿ ಹೇಳಿದ ಮುದುಕರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಅವರು ತಮ್ಮ ಅಜ್ಜನ ವಿಷಯದಲ್ಲಿ ಸುಳ್ಳು ಹೇಳಲಿಲ್ಲ, ನಾನು ಹೇಳಿದೆ.

ಕೆಂಪು ಗೀಟಿನ ಚೌಕಗಳ ಮೇಲೆ ಬೆರಳಿಟ್ಟು, ಈ ಮನೆಗಳು ಯಾರವೆಂದು ಮಗಳು ಕೇಳಿದಳು. ನಮ್ಮಂಥವರವು ಎಂದೆ. ಅಂದು ಆ ಮೇಜಿನ ಮುಂದೆ ಆಡಬೇಕಿದ್ದ ಮಾತು... ಕೇಳಬೇಕಾದ ಇಬ್ಬರೂ ಹೋದ ಮೇಲೆ ಬಾಯಿಗೆ ಬಂತು.