ಮೊನಾಕೊ ರೇಸಿನ ಭಾನುವಾರ

ಆ ವರ್ಷ ಪರದೇಶದಲ್ಲಿದ್ದ ನಮ್ಮ ಕಡೆಯವರಲ್ಲಿ ಯಾರ ಮುಖ ಸಪ್ಪಗಿದ್ದರೂ ಅವರ ಕೆಲಸ ಹೋಗಿದೆ ಎಂದೇ ಲೆಕ್ಕ. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಪಕ್ಕದ ಊರು ಐಸೆಲಿನ್‌ನಲ್ಲಿ ಒಬ್ಬರು ಕೆಲಸ ಹೋದ ಮೇಲೂ ದಿನಾ ಇಸ್ತ್ರಿ ಶರ್ಟ್ ಹಾಕಿಕೊಂಡು ಟ್ರೈನ್ ಹತ್ತಿ, ಸಂಜೆಯವರೆಗೂ ಯಾವುದೋ ಲೈಬ್ರರಿಯಲ್ಲಿ ಕೂತು ಬರುತ್ತಿದ್ದರಂತೆ. ಹೆಂಡತಿಗೆ ಗೊತ್ತೇ ಇರಲಿಲ್ಲ. ಆ ಸುದ್ದಿ ಕೇಳಿದಂದಿನಿಂದ ನನಗೂ ದಿಗಿಲು ಶುರುವಾಯಿತು. ನಮ್ಮವರ ಕೆಲಸದ ಮೇಲೆಯೇ ನಮ್ಮಿಬ್ಬರ ವೀಸಾ ನಿಂತಿತ್ತು. ಅದು ಹೋದರೆ ಗಂಟುಮೂಟೆ ಕಟ್ಟುವುದೇ. ಮೊದಲೇ ನಾನು ಅನುಮಾನದವಳು, ಹಾಲಿನ ಕ್ಯಾನಿನ ಮೇಲಿನ ತಾರೀಖನ್ನೂ ಎರಡು ಸಲ ಓದುವವಳು.

ಅಂಥ ದಿನಗಳಲ್ಲೇ ಒಂದು ಭಾನುವಾರ ಹತ್ತಿರದ ಪಿಸ್ಕಾಟವೇ ಊರಿನಲ್ಲಿ ಧಾರವಾಡದ ಆಂಟಿಯೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಪ್ರಸಾದಕ್ಕೆ ಸಜ್ಜಿಗೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದರಿಂದ ಬೆಳಿಗ್ಗೆ ಬೇಗ ಹೋದೆವು. ಜನ ಸೇರತೊಡಗಿದಂತೆ ನಮ್ಮವರು ಯಾರ ಹತ್ತಿರವೂ ನಿಲ್ಲದಾದರು. ಗಂಡಸರ ಗುಂಪು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರು. ನೀರು ಕುಡಿಯಲು ಅಡುಗೆಮನೆಗೆ ಬಂದಾಗ ಜೇಬಿನ ಫೋನ್ ಹೊಡೆದುಕೊಂಡಿತು. ನಂಬರ್ ನೋಡಿ, ಆಫ್ ಮಾಡಿ, ಹೊರಟೇ ಹೋದರು.

ಪೂಜೆ ಮುಗಿದು ಮಂಗಳಾರತಿಯಾದರೂ ಅವರ ಪತ್ತೆಯಿಲ್ಲ. ಆಂಟಿ ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಮನಿಯವ್ರು ಒಬ್ರೇ ಕಾರಿನ್ಯಾಗ ಕುಂತಾರಲ್ಲವಾ? ಕೆಲಸದ್ದೇನರ ಆತೇನು? ಖರೇ ಹೇಳು. ರೆಸ್ಯೂಮೆ ಕೊಡು, ನಮ್ಮವ್ರಿಗೆ ಹೇಳ್ತೀನಿ."

ಹತ್ತು ಮಂದಿಗೆ ತಿಳಿದಿದ್ದು ನನಗೊಬ್ಬಳಿಗೇ ತಿಳಿದಿಲ್ಲವೆಂದು ಮೈಯೆಲ್ಲ ಉರಿಯಿತು. ನೆಟ್ಟಗೆ ಕಾರಿನ ಹತ್ತಿರ ಹೋದೆ. ಗಾಜು ಏರಿಸಿಕೊಂಡು ಸುಮ್ಮನೆ ಕೂತಿದ್ದರು.

"ರೀ, ನಿಜ ಹೇಳಿ. ಕೆಲಸ ಹೋಗಿ ಎಷ್ಟು ದಿನ ಆಯ್ತು?"

"ಯಾರೇ ಹೇಳಿದ್ದು? ಇವತ್ತು ಮೊನಾಕೊ ಗ್ರ್ಯಾನ್ ಪ್ರಿ ಕಾರ್ ರೇಸ್ ಕಣೆ! ನೀನು ಸ್ನಾನಕ್ಕೆ ಹೋಗಿದ್ದಾಗ ರೆಕಾರ್ಡಿಂಗ್‌ಗೆ ಹಾಕಿ ಬಂದಿದ್ದೀನಿ. ಅಲ್ಲಿ ಯಾರಾದ್ರೂ ರಿಸಲ್ಟ್ ಹೇಳ್ಬಿಟ್ರೆ? ಆಫೀಸಿನವನೊಬ್ಬ ಆಗ್ಲೇ ಫೋನ್ ಬೇರೆ ಮಾಡ್ದ."

ಬೆಂಗಳೂರಿನಲ್ಲಿ ಹುಡುಗನಾಗಿದ್ದಾಗಿನಿಂದ ಅವರು ಆ ರೇಸಿನ ಫಲಿತಾಂಶವನ್ನು ಮರುದಿನದ ಪೇಪರಿನಲ್ಲೇ ಓದಿದವರು. ಯಾರು ಗೆದ್ದರೆಂದು ತಿಳಿಯದೆ ಒಮ್ಮೆ ಪೂರ್ತಿ ನೋಡಬೇಕೆಂಬುದು ಅವರ ಆಸೆ. ನನಗೆ ನಗುವೂ ಬಂತು, ನಾಲ್ಕು ಬಿಡಬೇಕೆಂದೂ ಅನಿಸಿತು. ಹೋದ ಜೀವ ಬಂದಂತಾಗಿತ್ತು.

ಮನೆಗೆ ಬಂದು ಇಬ್ಬರೂ ಟಿವಿ ಮುಂದೆ ಕೂತೆವು. ಸಮುದ್ರದ ಪಕ್ಕದ ಊರು. ಬಸ್ಸು ಹೋಗುವ ಬೀದಿಗಳಲ್ಲೇ ಕಾರುಗಳು ಗೋಡೆ ಸವರಿಕೊಂಡು ಓಡುತ್ತಿದ್ದವು. ಅಲ್ಲಿ ಹಿಂದಿನವನು ಮುಂದಿನವನನ್ನು ದಾಟುವುದು ಬಹಳ ಕಷ್ಟವೆಂದು ಅವರು ವಿವರಿಸುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಆದರೆ ಒಳಗಿನ ಹುಳ ಸುಮ್ಮನಿರಲಿಲ್ಲ.

"ರೀ, ಅಕಸ್ಮಾತ್ ಕೆಲಸ ಹೋದ್ರೆ ನಂಗೆ ಅವತ್ತೇ ಹೇಳ್ತೀರಿ ತಾನೆ?"

ಅವರು ರಿಮೋಟ್ ಒತ್ತಿದರು. ಕಾರುಗಳು ತಿರುವಿನಲ್ಲೇ ನಿಂತವು.

"ಅವತ್ತೇ ಹೇಳೋಕೆ ನನ್ ಕೈಲಾಗಲ್ಲ ಕಣೆ," ಎಂದರು. "ಇನ್ನೊಂದು ಸಿಕ್ಕಿದ ಮೇಲೆ ಹೇಳ್ತೀನಿ."