ಉಪ್ಪು ನೋಡಲು ಗಣಿಗೆ ಇಳಿದೆ

ನನಗೆ ಆಗ ನಲವತ್ತೊಂಬತ್ತು ವರ್ಷ. ಅದಾಗಿ ಮೂವತ್ತೈದು ವರ್ಷಕ್ಕೂ ಮೇಲಾಯಿತು. ನಾನು ಓದಿದ್ದು ಎರಡನೇ ಕ್ಲಾಸು. ಇದನ್ನು ನಾನೇ ಬರೆದಿದ್ದೇನೆ. ಅಕ್ಷರ ತಪ್ಪಿದ್ದರೆ ಪತ್ರಿಕೆಯವರು ತಿದ್ದಿಕೊಳ್ಳಲಿ, ವಿಷಯ ಮಾತ್ರ ತಿದ್ದುವುದು ಬೇಡ.

ನಮ್ಮದು ಬೇತಮಂಗಲದ ಹತ್ತಿರದ ಹಳ್ಳಿ. ನಮ್ಮ ಯಜಮಾನರು ಕೆ.ಜಿ.ಎಫ್. ಗಣಿಯಲ್ಲಿ ದುಡಿದು, ರಿಟೈರಾಗಿ ಮನೆಯಲ್ಲಿದ್ದರು. ನಾನು ದಿನಾ ಬಸ್ಸಿನಲ್ಲಿ ಊರಿಗಾಂಗೆ ಹೋಗಿ ಒಂದು ಹಳೇ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದೆ. ಅಲ್ಲಿ ಇಳಿದುಕೊಳ್ಳುತ್ತಿದ್ದವರೆಲ್ಲ ಸಂಶೋಧನೆಯವರು. ಆ ಪದ ನನ್ನ ಬಾಯಿಗೆ ಸರಿಯಾಗಿ ಕೂರುವುದಕ್ಕೇ ಬಹಳ ದಿನ ಬೇಕಾಯಿತು.

ಆ ವರ್ಷ ನಾಲ್ಕು ಜನ ಇದ್ದರು. ಹೆಸರು ನನಗೆ ನೆನಪು ನಿಲ್ಲುತ್ತಿರಲಿಲ್ಲ, ಅವರವರ ಕೆಲಸ ನೋಡಿ ನಾನೇ ಹೆಸರಿಟ್ಟುಕೊಂಡಿದ್ದೆ. ಆಕಾಶದ ಮೇಷ್ಟ್ರು ಅಂದರೆ, ಆಕಾಶದಿಂದ ಬೀಳುವ ಕಣ್ಣಿಗೆ ಕಾಣದ ಕಣವನ್ನು ಗಣಿಯ ಆಳದಲ್ಲಿ ಕೂತು ಹಿಡಿಯುವವರು. ಬಂಡೆ ಇಂಜಿನಿಯರು ಕೆಳಗೆ ಬಂಡೆ ಯಾವಾಗ ಸಿಡಿಯುತ್ತದೆ ಎಂದು ಯಂತ್ರ ಇಟ್ಟು ಅದರ ಸದ್ದು ಕೇಳುವವರು. ಡಾಕ್ಟರಮ್ಮ ಗಣಿ ಗಂಡಸರ ಎದೆ, ಬಿ.ಪಿ. ನೋಡುವವರು. ಕಾನೂನಿನ ಹುಡುಗಿ, ಗಣಿಯೊಳಗೆ ಹೆಂಗಸರನ್ನು ಯಾಕೆ ಕೆಲಸಕ್ಕೆ ಇಳಿಸುವುದಿಲ್ಲ ಎಂದು ಓದುತ್ತಿದ್ದವಳು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಒಂದೇ ಪಾತ್ರೆಯ ಸಾರು ಉಣ್ಣುತ್ತಿದ್ದರು, ಅಷ್ಟೇ.

ನನಗೆ ಮಾತ್ರ ಎಲ್ಲರದೂ ಬೇಕಿತ್ತು. ಆಕಾಶದಿಂದ ಬೀಳುವುದನ್ನು ಮಾಳಿಗೆ ಮೇಲೆ ಕೂತು ಹಿಡಿಯುವುದು ಬಿಟ್ಟು ಭೂಮಿಯೊಳಗೆ ಯಾಕೆ ಹುಡುಕುತ್ತೀರಿ ಎಂದು ಮೇಷ್ಟ್ರನ್ನು ಕೇಳಿದೆ. ನಾನಾಗ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅವರು ನನ್ನ ಕೈಯಲ್ಲಿದ್ದುದನ್ನೇ ತೋರಿಸಿ, ಭೂಮಿಯೇ ನಮ್ಮ ಜರಡಿ, ದಪ್ಪನೆಯದೆಲ್ಲ ಮೇಲೆ ನಿಲ್ಲುತ್ತದೆ, ಬಹಳ ನುಣ್ಣಗಿರುವುದು ಮಾತ್ರ ಅಷ್ಟು ಕೆಳಕ್ಕೆ ಇಳಿಯುತ್ತದೆ, ನಮಗೆ ಬೇಕಾದ್ದು ಅದು ಎಂದರು. ಸಿಕ್ಕಿತಾ ಎಂದೆ. ಈ ತಿಂಗಳು ಇನ್ನೂ ಇಲ್ಲ ಎಂದರು. ಆದರೂ ಸಂಬಳ ಕೊಡುತ್ತಾರಾ ಎಂದೆ. ಅವರಿಗೆ ನಗು ಬಂದು ಕೆಮ್ಮಿಬಿಟ್ಟರು.

ಡಾಕ್ಟರಮ್ಮ ಒಂದು ದಿನ ನಮ್ಮ ಯಜಮಾನರನ್ನೂ ಕರೆಸಿ ನೋಡಿದರು. ಎದೆ ಪರವಾಗಿಲ್ಲ, ಬಿ.ಪಿ. ವಿಪರೀತ ಇದೆ, ಮಾತ್ರೆ ಒಂದೇ ಸಾಲದು, ಉಪ್ಪು ಬಿಡಿಸದಿದ್ದರೆ ಕೈಕಾಲು ಬಿದ್ದುಹೋಗುತ್ತದೆ, ಇಲ್ಲವೇ ಆಳೇ ಬಿದ್ದುಹೋಗುತ್ತಾನೆ ಎಂದು ನನ್ನ ಮುಖಕ್ಕೇ ಹೇಳಿದರು.

ಬಿಡಿಸುವುದು ಹೇಗೆ? ನಮ್ಮ ಯಜಮಾನರು ತಟ್ಟೆಯ ಪಕ್ಕ ಕಲ್ಲುಪ್ಪಿನ ಜಾಡಿ ಇಟ್ಟುಕೊಂಡೇ ಉಣ್ಣುವವರು. ಮುದ್ದೆಗೆ ಉಪ್ಪು, ಮಜ್ಜಿಗೆಗೆ ಉಪ್ಪು, ಕುಡಿಯುವ ನೀರಿಗೂ ಉಪ್ಪು. ನನ್ನ ಅಡುಗೆಗೆ ಉಪ್ಪಿಲ್ಲ ಎಂದು ಮದುವೆಯಾದಾಗಿನಿಂದ ಬೈಸಿಕೊಂಡಿದ್ದೇನೆ. ಡಾಕ್ಟರಮ್ಮನ ಮಾತು ಹೇಳಿದರೆ ಅವರು ಜಾಡಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

“ಉಪ್ಪು ಬಿಟ್ರೆ ಗಣಿ ಆಳು ಸಾಯ್ತಾನೆ ಕಣೇ. ಮ್ಯಾಲ್ ಕುಂತ್ಕಂಡಿರೋ ಆ ಯಮ್ಮನ್ಗೇನ್ ಗೊತ್ತು?”

“ನೀನ್ ಕಂಡಿದ್ದೀಯಾ?”

“ಕಂಡಿದ್ದೀನಿ. ಉಪ್ಪು ತರ್ದೆ ಬಂದೋನು ನನ್ ಮುಂದೇನೇ ಬಿದ್ದ.”

ಅಲ್ಲಿಗೆ ಮಾತು ಮುಗಿಯಿತು. ಕೆಳಗೆ ಏನಿದೆ, ಹೇಗಿದೆ ಎಂದು ಅಷ್ಟು ವರ್ಷದಲ್ಲಿ ಒಂದು ದಿನವೂ ಬಾಯಿ ಬಿಟ್ಟವರಲ್ಲ. ಅವರು ಸುಳ್ಳು ಹೇಳುವ ಪೈಕಿಯಲ್ಲ, ಡಾಕ್ಟರಮ್ಮನೂ ಅಲ್ಲ. ತಿಂದರೆ ಸಾವು ಎಂದು ಡಾಕ್ಟರಮ್ಮ, ತಿನ್ನದಿದ್ದರೆ ಸಾವು ಎಂದು ಇವರು. ಮಧ್ಯದಲ್ಲಿ ಸೌಟು ಹಿಡಿದವಳು ನಾನು.

ಮಾರನೇ ದಿನ ಬಂಗಲೆಯಲ್ಲಿ ನಾಲ್ವರೂ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ, ಗಣಿ ಆಳಿಗೆ ಅಷ್ಟು ಉಪ್ಪು ಯಾಕೆ ಬೇಕು ಎಂದು. ಬೆವರಿನಲ್ಲಿ ಉಪ್ಪು ಹೋಗಿಬಿಡುತ್ತದೆ ಎಂದರು ಡಾಕ್ಟರಮ್ಮ. ಕೆಳಗೆ ಹೋದಷ್ಟೂ ಬಂಡೆ ಬಿಸಿ ಎಂದರು ಇಂಜಿನಿಯರು. ಯಾಕೆ ಬಿಸಿ ಎಂದು ಮೇಷ್ಟ್ರು ಶುರುಮಾಡಿದರು, ಭೂಮಿಯ ಹೊಟ್ಟೆಯವರೆಗೂ ಹೋದರು. ಅಂಥ ಬಿಸಿಯಲ್ಲಿ ಎಷ್ಟು ಹೊತ್ತು ದುಡಿಸಬಹುದು ಅನ್ನುವುದಕ್ಕೆ ಏನು ನಿಯಮ ಇದೆ ಎಂದು ಕಾನೂನಿನ ಹುಡುಗಿ ಅವರಿಬ್ಬರನ್ನೂ ಹಿಡಿದುಕೊಂಡಳು. ನಾಲ್ವರೂ ಒಂದೇ ವಿಷಯ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸಾರು ಆರಿಹೋಯಿತು.

ನೀವು ಹೇಳುವುದೆಲ್ಲ ಸರಿಯಿರಬಹುದು, ನಾನು ಕಣ್ಣಲ್ಲಿ ನೋಡದೆ ಆ ಜಾಡಿಗೆ ಕೈ ಹಾಕುವುದಿಲ್ಲ ಎಂದೆ. ಕಾನೂನಿನ ಹುಡುಗಿ ತಲೆ ಎತ್ತಿದಳು.

“ಹೆಂಗಸರನ್ನ ಇಳಿಸಬಾರದು ಅಂತಿರೋದು ಕೆಲಸಕ್ಕಮ್ಮ. ಪರ್ಮಿಷನ್ ತಗೊಂಡು ನೋಡಿ ಬರೋದಕ್ಕಲ್ಲ. ನಾನೂ ಬರ್ತೀನಿ.”

ಅವಳು ಆಫೀಸಿಗೆ ಅಲೆದಳು. ಮೇಷ್ಟ್ರು ತಮ್ಮ ಯಂತ್ರದ ಕೋಣೆ ನೋಡಲು ಬರುವವರು ಎಂದು ಹೊಣೆ ಹೊತ್ತರು. ಯಾವ ಕಡೆ ಬಂಡೆ ಸುಮ್ಮನಿದೆ ಎಂದು ಇಂಜಿನಿಯರು ನೋಡಿ ಹೇಳಿದರು. ನಾಳೆಯದು ನನಗೂ ಗೊತ್ತಿಲ್ಲ ಎಂದೂ ಹೇಳಿದರು. ಡಾಕ್ಟರಮ್ಮ ನನ್ನ ಎದೆ, ಬಿ.ಪಿ. ನೋಡಿ, ಕಲ್ಲಿನ ಹಾಗಿದ್ದೀಯ, ಹೋಗು ಎಂದರು. ಅಂತೂ ನನ್ನೊಬ್ಬಳನ್ನು ಇಳಿಸುವುದಕ್ಕೆ ನಾಲ್ಕು ಥರದ ಓದು ಬೇಕಾಯಿತು.

ಮನೆಯಲ್ಲಿ ಯಜಮಾನರದು ಬೇರೆ ರಾಗ.

“ಎಂಗಸ್ರು ಇಳಿದ್ರೆ ಒಳ್ಳೇದಾಗಲ್ಲ ಅಂತಾರೆ. ಓಗ್‌ಬ್ಯಾಡ.”

“ಯಾರಂತಾರೆ?”

“ಎಲ್ರೂ ಅಂತಾರೆ.”

“ಅವ್ರ್ಗೆಲ್ಲಾ ಮುದ್ದೆ ಕಟ್ಟಿ ಕಳ್ಸೋರ್ ಯಾರು?”

ಇಳಿಯುವ ದಿನ ತುರುಬಿನ ಮೇಲೆ ಟೋಪಿ ಇಟ್ಟು, ಅದಕ್ಕೆ ದೀಪ ಸಿಕ್ಕಿಸಿ, ಕಾಲಿಗೆ ಯಾರದೋ ಬೂಟು ಕೊಟ್ಟರು. ಸೀರೆ ಎತ್ತಿ ಕಚ್ಚೆ ಕಟ್ಟಿದೆ. ಆಳುಗಳನ್ನು ಇಳಿಸುವ ಕಬ್ಬಿಣದ ಪಂಜರಕ್ಕೆ ಅಲ್ಲಿ ಕೇಜು ಅನ್ನುತ್ತಾರೆ. ಅದರ ಬಾಗಿಲಲ್ಲಿದ್ದವನು ತಮಿಳಿನವನು, ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಏನಕ್ಕಾ, ಕೆಳಗೆ ಒಲೆ ಇಕ್ಕಕ್ಕೆ ಓಗ್ತಿದ್ದೀಯಾ?”

ಸುತ್ತ ಇದ್ದವರೆಲ್ಲ ನಕ್ಕರು. ಇಬ್ಬರು ಮಾತ್ರ ನಗಲಿಲ್ಲ, ನಾವಿರುವ ಕೇಜಿಗೆ ಹತ್ತುವುದಿಲ್ಲ ಎಂದು ಹಿಂದಕ್ಕೆ ನಿಂತರು.

ಕೇಜು ಬಿಟ್ಟ ಕೂಡಲೇ ಕಿವಿ ಕಟ್ಟಿತು. ಬಾವಿಗೆ ಬಿದ್ದ ಕೊಡದ ಹಾಗೆ ಹೋಗುತ್ತಲೇ ಇದ್ದೆವು. ಕಾನೂನಿನ ಹುಡುಗಿ ನನ್ನ ತೋಳು ಹಿಡಿದುಕೊಂಡು ಉಗುರು ಊರಿಬಿಟ್ಟಳು.

ಮೊದಲು ಮೇಷ್ಟ್ರ ಕೋಣೆ. ಕಬ್ಬಿಣದ ಕೊಳವೆಗಳನ್ನು ಸೌದೆ ಒಟ್ಟಿದ ಹಾಗೆ ಒಟ್ಟಿದ್ದರು. ಅದರ ಮುಂದೆ ಮೇಷ್ಟ್ರು ಮೆಲ್ಲಗೆ ಮಾತಾಡುತ್ತಿದ್ದರು, ಮಲಗಿದ ಮಗು ಎದ್ದುಬಿಡುತ್ತದೇನೋ ಅನ್ನುವ ಹಾಗೆ. ಬಂದಿದೆಯಾ ಎಂದೆ. ಇಲ್ಲ ಎಂದರು. ಕಾಯುವುದೂ ಒಂದು ಕೆಲಸ ಎಂದು ನನಗೆ ಅಲ್ಲಿ ಗೊತ್ತಾಯಿತು.

ಅಲ್ಲಿಂದ ಇಂಜಿನಿಯರು ನಮ್ಮನ್ನು ಆಳುಗಳು ಕೆಲಸ ಮಾಡುವ ಕಡೆಗೆ ಕರೆದುಕೊಂಡು ಹೋದರು. ಹೋಗ್ತಾ ಹೋಗ್ತಾ ಗಾಳಿ ದಪ್ಪವಾಯಿತು. ಒಲೆಯ ಮುಂದೆ ಕೂತರೆ ಬಿಸಿ ಒಂದು ಕಡೆಯಿಂದ ಬರುತ್ತದೆ, ಎದ್ದು ಆಚೆ ಹೋಗಬಹುದು. ಅಲ್ಲಿ ಮೇಲೆ, ಕೆಳಗೆ, ಅಕ್ಕಪಕ್ಕ ಎಲ್ಲಾ ಬಿಸಿ. ಬಂಡೆ ಮುಟ್ಟಿ ಕೈ ತೆಗೆದೆ. ಸೀರೆ ಮೈಗೆ ಅಂಟಿಕೊಂಡಿತು. ಆಳುಗಳು ಬರೀ ಚಡ್ಡಿಯಲ್ಲಿದ್ದವರು ನಮ್ಮನ್ನು ನೋಡಿ ನಾಚಿಕೊಂಡು ಗೋಡೆ ಕಡೆ ತಿರುಗಿದರು. ಹಾಗೆ ತಿರುಗಿದ್ದರಿಂದಲೇ ನನಗೆ ಅದು ಕಾಣಿಸಿತು. ಬೆವರು ಒಣಗಿ ಆ ಕಪ್ಪು ಬೆನ್ನುಗಳ ಮೇಲೆ ಬೆಳ್ಳಗೆ ಗೆರೆ ಕಟ್ಟಿತ್ತು, ರಂಗೋಲಿ ಪುಡಿ ಉದುರಿಸಿದಂತೆ. ನಮ್ಮ ಯಜಮಾನರ ಬನಿಯನ್ನಿನ ಬೆನ್ನಲ್ಲಿ ಇಂಥ ಗೆರೆಯನ್ನು ಎಷ್ಟು ವರ್ಷ ಒಗೆದಿದ್ದೆನೋ. ಗಣಿಯ ಸುಣ್ಣ ಇರಬೇಕು ಅಂದುಕೊಂಡಿದ್ದೆ.

ಒಬ್ಬ ಸೊಂಟದಿಂದ ಚಿಕ್ಕ ಪೊಟ್ಟಣ ತೆಗೆದು, ಒಂದು ಹರಳು ಬಾಯಿಗೆ ಹಾಕಿಕೊಂಡು ನೀರು ಕುಡಿದ. ನನಗೂ ಒಂದು ಕೊಟ್ಟ. ಕಲ್ಲುಪ್ಪು. ಮೇಲೆ ಅದನ್ನು ಬರಿದೇ ತಿಂದಿದ್ದರೆ ಉಗಿಯುತ್ತಿದ್ದೆ. ಅಲ್ಲಿ ಅದು ಬೆಲ್ಲದ ಹಾಗೆ ಹಿಡಿಸಿತು. ಇನ್ನೊಂದು ಕೊಡಪ್ಪ ಎಂದೆ.

ಮೇಲೆ ಬಂದಾಗ ಕೇಜಿನವನು ಕಾಯುತ್ತಿದ್ದ. ಒಲೆ ಇಕ್ಕಿ ಬಂದ್ಯಾ ಎಂದ.

“ನಾನ್ ಇಕ್ಕೋದೇನ್ ಬಂತು, ಆಗ್ಲೇ ಉರಿಸ್ಬುಟ್ಟವ್ರೆ” ಎಂದೆ.

ಸಾಯಂಕಾಲದ ಬಸ್ಸಿಗೆ ಊರಿಗೆ ಬಂದೆ. ಇವರು ಜಗಲಿಯ ಮೇಲೆ ಕೂತಿದ್ದರು. ನೋಡಿದೆಯಾ ಎಂದರು. ನೋಡಿದೆ ಎಂದೆ.

ಎಷ್ಟೋ ಓದಿದವರನ್ನು ಆಮೇಲೆ ನೋಡಿದ್ದೇನೆ. ಒಬ್ಬೊಬ್ಬರು ಒಂದೊಂದು ಎಳೆ ಹಿಡಿದುಕೊಂಡು ಕೂತಿರುತ್ತಾರೆ. ಮೇಷ್ಟ್ರಿಗೆ ಕೊನೆಗೆ ಆ ಕಣ ಸಿಕ್ಕಿತೋ ಇಲ್ಲವೋ, ಈಗಲೂ ಹಿಟ್ಟು ಜರಡಿ ಹಿಡಿಯುವಾಗ ಯೋಚನೆ ಬರುತ್ತದೆ.

ಗಣಿಗೆ ಇಳಿದ ಮಾರನೇ ದಿನ ಬೆಳಿಗ್ಗೆ ಸಾರಿಗೆ ಉಪ್ಪು ಅರ್ಧಕ್ಕರ್ಧ ಕಮ್ಮಿ ಹಾಕಿದೆ. ಇವರು ತಟ್ಟೆಯ ಪಕ್ಕ ಕೈ ಚಾಚಿದರು. ಜಾಡಿ ನನ್ನ ಮಡಿಲಲ್ಲಿತ್ತು.

“ನೀನ್ ಏಳಿದ್ದು ನಿಜ. ಆದ್ರೆ ಅದು ಕೆಳಗಿರೋರ್ಗೆ. ನೀನ್ ಮ್ಯಾಲ್ ಬಂದ್ಬುಟ್ಟಿದ್ದೀಯ” ಎಂದೆ.

ಅವರು ನನ್ನ ಮುಖ ನೋಡಿದರು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮುದ್ದೆ ಮುರಿದರು. ನಾನು ಜಾಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಊರಿಗಾಂನಲ್ಲಿ ಇಳಿದು, ನೆಟ್ಟಗೆ ಗಣಿಯ ಬಾಗಿಲಿಗೆ ಹೋಗಿ ಕೇಜಿನವನ ಕೈಗೆ ಕೊಟ್ಟು, ಇದನ್ನು ಕೆಳಕ್ಕೆ ಕಳಿಸಪ್ಪ ಎಂದು ಹೇಳಿ, ಬಂಗಲೆಗೆ ಬಂದು ಒಲೆ ಹಚ್ಚಿದೆ.