ಬಾವಿ ಕಡೆಯ ಮಣ್ಣು

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಸತ್ತವರು ಸುಳಿಯುತ್ತಾರೆಂದು ಹೆಂಗಸರು ಪಿಸುಗುಟ್ಟಿದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ನಾಲ್ಕಕ್ಷರ ಕಲಿತವಳೆಂಬ ಸಣ್ಣ ಹಮ್ಮೂ ಇತ್ತು. ಎಪ್ಪತ್ತರ ದಶಕದಲ್ಲಿ, ನಮ್ಮ ಮನೆಯವರು ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ನಡೆದದ್ದನ್ನು ಕಂಡಂತೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅವರು ತಿಕೋಟಾ ಹತ್ತಿರ ರಸ್ತೆಗೆ ಹಾಸುವ ಗರಸುಕಲ್ಲು ತೆಗೆಯುವ ಖಣಿಯಲ್ಲಿ ಮೇಸ್ತ್ರಿಯಾಗಿದ್ದರು. ಖಣಿ ಇದ್ದ ಹೊಲ ನಮ್ಮ ಓಣಿಯ ಮೆಹಬೂಬಸಾಬ ಕಾಕಾನದು. ಗರಸು ಒಯ್ಯಿರಿ, ಆದರೆ ಹೊಲ ಹೊಲವಾಗಿಯೇ ತಿರುಗಿ ಬರಬೇಕು ಎಂದು ಕಾಕಾ ನೆಲ ಕೊಟ್ಟಿದ್ದ. ಹಾಗೇ ಕೊಡುತ್ತೇನೆಂದು ಮಾತು ಕೊಟ್ಟವರು ನಮ್ಮವರು. ಅದಕ್ಕೇ ಅಗೆಯುವ ಮೊದಲೇ ಮೇಲಿನ ಎರೆಮಣ್ಣನ್ನು ತೆಗೆಸಿ, ಹೊಲದ ಒಂದೊಂದು ಬದಿಯದನ್ನು ಒಂದೊಂದು ಗುಂಪಿಯಾಗಿ, ಲಾರಿ ತಾಗದ ಕಡೆ ಸಾಲಾಗಿ ಹಾಕಿಸಿದ್ದರು. ಗಾಳಿಗೆ ಹಾರದಿರಲಿ, ಮಳೆಗೆ ಹರಿಯದಿರಲಿ ಎಂದು ಮೇಲೆ ಹುರುಳಿ ಚೆಲ್ಲಿ ಬಳ್ಳಿ ಹಬ್ಬಿಸಿದ್ದರು.

“ಬಾವಿ ಕಡಿ ಮಣ್ಣ ಜಿಗಟ ಐತಿ. ಅದು ಬಾವಿ ಕಡೀಗೇ ಹೋಗಬೇಕು. ಉದುರ ಮಣ್ಣ ಅಲ್ಲಿ ಬಿತ್ತಂದ್ರ ಮೊದಲನೇ ಮಳಿಗೇ ಬಾವ್ಯಾಗ ಇಳೀತೈತಿ,” ಎಂದು ಊಟ ಮಾಡುತ್ತ ನನಗೆ ಹೇಳುತ್ತಿದ್ದರು. ಇಡೀ ಓಣಿ ಕುಡಿಯುವುದು ಅದೇ ಬಾವಿಯ ನೀರು.

ಯಾವ ಗುಂಪಿ ಯಾವ ಬದಿಯದೆಂದು ಗುರುತು ಮಾತ್ರ ಮಾಡಿರಲಿಲ್ಲ. ತಿರುಗಿ ಹಾಕಿಸುವವರು ತಾವೇ ಎಂದುಕೊಂಡಿದ್ದರು. ಮರೆಯುವ ಮನುಷ್ಯರಲ್ಲ, ಸಾಯುವ ವಯಸ್ಸೂ ಅಲ್ಲ. ಜ್ವರ ಬಂತು, ಹೋಗಿಬಿಟ್ಟರು.

ಗರಸು ಮುಗಿಯಿತು. ತಗ್ಗಿಗೆ ಕಸಗಲ್ಲು ತುಂಬಿ ಇಳಿಜಾರು ಮಾಡಿದ್ದಾಯಿತು. ಮಣ್ಣು ಹಾಸುವುದಷ್ಟೇ ಉಳಿದಿತ್ತು. “ಎಲ್ಲಾ ಕೂಡಿಸಿ ನೂಕಿಬಿಡ್ರಿ,” ಎಂದು ಗುತ್ತಿಗೆದಾರರು ಹೇಳಿಹೋದರು. ನನಗಾದರೂ ಗೊತ್ತಿರಬಹುದೆಂದು ಕಾಕಾ ಕರೆಸಿದ. ನನಗೆ ಗೊತ್ತಿರಲಿಲ್ಲ. ಒಣಗಿದ ಎರೆಯೆಲ್ಲ ಒಂದೇ ಥರ. ನೀರು ಹಾಕಿ ಹಿಸುಕಿ ನೋಡಿದೆವು, ಎಲ್ಲವೂ ಕೈಗೆ ಅಂಟಿತು. ಅವರ ಮಾತು ಮಣ್ಣುಪಾಲಾಗುತ್ತದಲ್ಲ ಎಂದು ಆ ದಿನ ಅತ್ತಷ್ಟು ಅವರು ಹೋದ ದಿನವೂ ಅತ್ತಿರಲಿಲ್ಲ.

ಮಣ್ಣು ಹೊರಲು ಕಾಖಂಡಕಿಯಿಂದ ಭೀಮಶಿ ತನ್ನ ಕತ್ತೆಗಳನ್ನು ತಂದಿದ್ದ. ಮರುದಿನ ನಸುಕಿನಲ್ಲೇ ಹೇರತೊಡಗಿದರು. ಕತ್ತೆಗಳಿಗೆ ಒಮ್ಮೆ ದಾರಿ ತೋರಿಸಿದರೆ ಸಾಕು, ಆಮೇಲೆ ತಾವೇ ಹೋಗಿ ಬರುತ್ತವೆ. ಅಂದಾಜಿನ ಮೇಲೆ ಮೊದಲ ಗುಂಪಿ ಬಾವಿ ಕಡೆಗೆ ಎಂದು ಕಾಕಾ ಹೇಳಿದ. ಮುಂದಿನ ಕತ್ತೆ ಸ್ವಲ್ಪ ದೂರ ಹೋಗಿ, ಹೊಲದ ರಸ್ತೆ ಕಡೆಯ ಬದಿಗೆ ತಿರುಗಿತು. ಉಳಿದವೂ ಅದರ ಹಿಂದೆ.

“ಏ ಹಲ್ಕಟ್ಟಾ, ಇತ್ಲಾಗ ಬಾರಲೇ!” ಭೀಮಶಿ ಕಿವಿ ಹಿಡಿದೆಳೆದ. ಬಿಟ್ಟ ಕೂಡಲೇ ಅದು ಮತ್ತೆ ಅತ್ತಲೇ. “ಮನ್ಯಾಗ ಹೇಣ್ತಿ ಮಾತ ಕೇಳಂಗಿಲ್ಲ, ಹೊಲದಾಗ ಕತ್ತಿನೂ ಕೇಳವಲ್ದು!”

“ಅವರಿಬ್ಬರಿಗೂ ಬುದ್ಧಿ ಐತಿ, ಬಿಡೋ. ಎಲ್ಲಿ ಹೊಕ್ಕಾವ ಹೋಗಲಿ,” ಎಂದು ಕಾಕಾ ನಕ್ಕ.

ಎರಡನೆಯ ಗುಂಪಿಯ ಮಣ್ಣು ಹೇರಿದಾಗ ಅವು ರಸ್ತೆಯ ಕಡೆ ಹೊರಳಿ ನೋಡಲಿಲ್ಲ, ನೇರ ಬಾವಿಗೆ ನಡೆದವು. ನೀರಡಿಸಿರಬೇಕೆಂದು ಭೀಮಶಿ ನೀರು ಕುಡಿಸಿದ. ಮತ್ತೆ ಹೇರಿದರೆ ಮತ್ತೆ ಅಲ್ಲಿಗೇ. ಆಗ ನನಗೆ ಕೇಳಿಸಿತು: ಚಕ್, ಚಕ್. ಖಣಿಯಲ್ಲಿ ಹೇರಿದ ಕತ್ತೆಯನ್ನು ಕಳಿಸುವಾಗ ನಮ್ಮವರು ನಾಲಗೆಯಿಂದ ಮಾಡುತ್ತಿದ್ದ ಸದ್ದು. ಭೀಮಶಿಯ ಬಾಯಿ ತುಂಬ ಎಲೆ ಅಡಿಕೆ ಇತ್ತು. ಕಾಕಾ ನನ್ನ ಪಕ್ಕದಲ್ಲೇ ಸುಮ್ಮನೆ ನಿಂತಿದ್ದ.

“ಇವು ಮೊದಲ ಇಲ್ಲಿ ದುಡದಾವೇನೋ ತಮ್ಮಾ?” ಎಂದೆ.

“ಈ ಹೊಲದ ಮಾರೀನ ಕಂಡಿಲ್ಲ್ರೀ ಯಕ್ಕಾ.”

ಸುರಿದ ಮಣ್ಣನ್ನು ಕಾಕಾ ಕೈಯಿಂದ ಕೆದಕಿದ. ಒಡೆದ ಕೊಡಗಳ ಚೂರು ಬಂದವು, ಒಂದರ ಹಿಂದೊಂದು. ಒಂದನ್ನು ಕಾಕಾ ಅಂಗಿಗೆ ಒರೆಸಿ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ, “ಬೇ ಯವ್ವಾ, ನಮ್ಮ ಓಣಿ ಹೆಣ್ಮಕ್ಕಳು ನೀರ ಸೇದಾಗ ಒಡದ ಕೊಡ ಇವು. ಬಾವಿ ಕಡಿ ಮಣ್ಣ ಇದ,” ಎಂದ.

ಆ ದಿನ ಮತ್ತೆ ಯಾರೂ ಕತ್ತೆಗಳ ಕಿವಿ ಹಿಡಿಯಲಿಲ್ಲ.

ಮಳೆ ಬಂತು. ಬಾವಿಯ ನೀರು ತಿಳಿಯಾಗಿಯೇ ಇತ್ತು. ಹಿಂಗಾರಿಗೆ ಕಾಕಾ ಜೋಳ ಬಿತ್ತಿದ. ಹೊಸ ಜೋಳದ ಮೊದಲ ಚೀಲ ನಮ್ಮ ಮನೆಗೆ ಬಂತು.

ಕತ್ತೆಗಳಿಗೆ ಮಣ್ಣಿನ ವಾಸನೆ ತಿಳಿಯುತ್ತದೋ ಏನೋ. ತಿಳಿದವರನ್ನು ಕೇಳಿದ್ದೇನೆ, ಕೆಲವರು ಹೌದೆಂದರು, ಕೆಲವರು ನಕ್ಕರು. ಆ ಸದ್ದಿನ ಬಗ್ಗೆ ಮಾತ್ರ ಯಾರನ್ನೂ ಕೇಳಿಲ್ಲ. ಅದಕ್ಕೊಂದು ಕಾರಣ ಸಿಕ್ಕಿಬಿಟ್ಟರೆ ಎಂದು ಹೆದರಿಕೆ.